ಚುಕ್ಕಿಯ ಮುಂದಿನ ಲೆಕ್ಕ: 7.65 ದೊಡ್ಡದೋ, 7.8 ದೊಡ್ಡದೋ?



ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸಿ, ಪಾಸ್‌ಬುಕ್ ಬರೆದು ಮುಗಿಸಿದ್ದೆವು. ಅಷ್ಟರಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದು ತಾಯಿ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

"ನೋಡ್ರಿ ಸಿಸ್ಟರ್, ನಮ್ ಕೂಸಿನ ತೂಕ ಏರ್ಯಾದ. ಹೋದ ತಿಂಗಳು ಏಳು ಪಾಯಿಂಟ್ ಎಂಟು ಇತ್ತು. ಈ ತಿಂಗಳು ಏಳು ಪಾಯಿಂಟ್ ಅರವತ್ತೈದು ಆಗ್ಯಾದ!"

ಅವರ ಅತ್ತೆಗೂ ಸಂತೋಷ. "ಎಂಟೆಲ್ಲಿ, ಅರವತ್ತೈದೆಲ್ಲಿ!" ಎಂದು ಕೂಸಿನ ದೃಷ್ಟಿ ತೆಗೆದರು. ಕುಳಿತಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕಾರ್ಡಿನಲ್ಲಿ ಹೋದ ತಿಂಗಳು 7.8 ಎಂದಿತ್ತು, ಈ ತಿಂಗಳು 7.65. ಅಂದರೆ ಕೂಸು 150 ಗ್ರಾಂ ಇಳಿದಿತ್ತು.

ಅದೇ ಹೊತ್ತಿಗೆ ಐದನೆಯ ತರಗತಿಯಲ್ಲಿ ಓದುವ ಅವರ ದೊಡ್ಡ ಮಗಳು ಗಣಿತದ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಅದರಲ್ಲಿ 0.65 > 0.8 ಎಂದು ಬರೆದಿದ್ದಳು. ಅದರ ಮೇಲೆ ಟೀಚರ್ ಕೆಂಪು ಮಸಿಯಲ್ಲಿ ತಪ್ಪು ಗುರುತು ಹಾಕಿದ್ದರು. "ಯಾಕ ತಪ್ಪು ಅಂತ ಗೊತ್ತಾಗ್ಲಿಲ್ರಿ" ಎಂದಳು ಹುಡುಗಿ.

ತಾಯಿಯದೂ ಮಗಳದೂ ಒಂದೇ ತಪ್ಪು. ಮಗಳಿಗೆ ಒಂದು ಅಂಕ ಹೋಯಿತು. ತಾಯಿಗೆ ಕೂಸಿನ ತೂಕ ಇಳಿದದ್ದೇ ಕಾಣಲಿಲ್ಲ. ಆದ್ದರಿಂದ ಈ ಸಲದ ಪಾಠ ಚುಕ್ಕಿಯದು. ಇದನ್ನು ಮಕ್ಕಳ ಪಾಠ ಎಂದು ಬದಿಗಿಡಬೇಡಿರಿ. ಓದು ಬರುವವರು ಸಭೆಯಲ್ಲಿ ಗಟ್ಟಿಯಾಗಿ ಓದಿರಿ, ಉಳಿದವರು ಕೇಳಿ ಮಾಡಿ ನೋಡಿರಿ.

ಈ ಪಾಠದ ಉದ್ದೇಶ

1. ಚುಕ್ಕಿ ಇರುವ ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ತಪ್ಪಿಲ್ಲದೆ ಹೇಳುವುದು.
2. > < = ಎಂಬ ಮೂರು ಗುರುತುಗಳನ್ನು ಓದುವುದು, ಬರೆಯುವುದು.
3. ತಾಯಿ ಕಾರ್ಡ್, ತೂಕದ ಚೀಟಿ, ಬಡ್ಡಿ, ಪಹಣಿ ಇವುಗಳಲ್ಲಿ ಮೋಸ ಹೋಗದಿರುವುದು.

ಬೇಕಾಗುವ ಸಾಮಾನು: ಒಂದು ಹೊಲಿಗೆ ಟೇಪು, ಒಂದು ಜೋಳದ ರೊಟ್ಟಿ, ಸೀಮೆಸುಣ್ಣ, ಸ್ಲೇಟು.

ತಪ್ಪು ಎಲ್ಲಿ ಆಗುತ್ತದೆ?

7.65 ಅನ್ನು ನಾವು "ಏಳು ಪಾಯಿಂಟ್ ಅರವತ್ತೈದು" ಎಂದು ಓದುತ್ತೇವೆ. 7.8 ಅನ್ನು "ಏಳು ಪಾಯಿಂಟ್ ಎಂಟು" ಎನ್ನುತ್ತೇವೆ. ಕಿವಿಗೆ ಅರವತ್ತೈದು ದೊಡ್ಡದಾಗಿ ಕೇಳುತ್ತದೆ, ಎಂಟು ಚಿಕ್ಕದಾಗಿ ಕೇಳುತ್ತದೆ. ತಪ್ಪು ಶುರುವಾಗುವುದೇ ಬಾಯಿಂದ.

ಆದ್ದರಿಂದ ಮೊದಲು ಓದುವ ರೀತಿ ಬದಲಿಸಿಕೊಳ್ಳೋಣ. ಚುಕ್ಕಿಯ ಮುಂದಿನ ಅಂಕಿಗಳನ್ನು ಒಂದೊಂದಾಗಿಯೇ ಓದಬೇಕು. 7.65 ಅಂದರೆ "ಏಳು ಪಾಯಿಂಟ್ ಆರು ಐದು". 7.8 ಅಂದರೆ "ಏಳು ಪಾಯಿಂಟ್ ಎಂಟು". ಈಗ ಕಿವಿಗೊಟ್ಟು ಕೇಳಿರಿ. ಚುಕ್ಕಿಯಾದ ಕೂಡಲೇ ಒಂದರಲ್ಲಿ ಆರು ಬಂತು, ಇನ್ನೊಂದರಲ್ಲಿ ಎಂಟು ಬಂತು. ಆರಕ್ಕಿಂತ ಎಂಟು ದೊಡ್ಡದು. ಲೆಕ್ಕ ಅಲ್ಲಿಗೇ ಮುಗಿಯಿತು. ಹಿಂದೆ ಐದು ಇದ್ದರೂ ಒಂದೇ, ಒಂಬತ್ತು ಇದ್ದರೂ ಒಂದೇ.

ಯಾಕೆ ಹೀಗೆ? ರೊಟ್ಟಿ ತೆಗೆದುಕೊಳ್ಳಿರಿ. ಒಂದು ರೊಟ್ಟಿಯನ್ನು ಸಮನಾಗಿ ಹತ್ತು ತುಂಡು ಮಾಡಿರಿ. ಒಂದು ತುಂಡು ಅಂದರೆ 0.1. ಶಾಲೆಯಲ್ಲಿ ಇದನ್ನು ದಶಾಂಶ ಎನ್ನುತ್ತಾರೆ. ಆ ಒಂದು ತುಂಡನ್ನು ಮತ್ತೆ ಹತ್ತು ಚೂರು ಮಾಡಿದರೆ ಒಂದು ಚೂರು 0.01. ಇದು ಶತಾಂಶ. ಅಂದರೆ ಇಡೀ ರೊಟ್ಟಿಯಲ್ಲಿ ಇಂಥ ನೂರು ಚೂರು. ಚುಕ್ಕಿಯ ಮುಂದಿನ ಮೊದಲ ಮನೆ ತುಂಡಿನದು, ಎರಡನೆಯ ಮನೆ ಚೂರಿನದು.

0.8 ಅಂದರೆ ಎಂಟು ತುಂಡು. 0.65 ಅಂದರೆ ಆರು ತುಂಡು ಮತ್ತು ಐದು ಚೂರು. ಹಸಿದ ಮಗುವಿಗೆ ಯಾವುದು ಹೆಚ್ಚು? ಎಂಟು ತುಂಡೇ. ಹತ್ತು ಚೂರು ಸೇರಿದರೆ ಮಾತ್ರ ಒಂದು ತುಂಡು ಆಗುತ್ತದೆ. ಐದು ಚೂರು ಎಷ್ಟು ಕುಣಿದರೂ ಎರಡು ತುಂಡಿಗೆ ಸಮ ಆಗಲಾರದು.

ನಮಗೆ ಗೊತ್ತಿರುವ ಲೆಕ್ಕವೇ ಇದು

ಹೆದರಬೇಡಿರಿ. ಇದು ಹೊಸದಲ್ಲ. ಪಾವ ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋ, ದೀಡ ಕಿಲೋ ಎಂದು ದಿನಾ ಸಂತೆಯಲ್ಲಿ ಹೇಳುತ್ತೀರಿ. ಪಾವ ಕಿಲೋ 0.25, ಅರ್ಧ 0.5, ಮುಕ್ಕಾಲು 0.75, ದೀಡ 1.5. ಬಾಯಿಗೆ ಬಂದ ಲೆಕ್ಕ ಕಾಗದದ ಮೇಲೆ ಬಂದಾಗ ಮಾತ್ರ ತೊಡಕಾಗುತ್ತದೆ. ಅರ್ಧ ಕಿಲೋಕ್ಕಿಂತ ಪಾವ ಕಿಲೋ ಕಡಿಮೆ ಎಂದು ಎಳೆ ಮಗುವಿಗೂ ಗೊತ್ತು. ಆದರೆ 0.25, 0.5 ಎಂದು ಬರೆದು ತೋರಿಸಿದರೆ ಅದೇ ಮಗು 25 ದೊಡ್ಡದು ಎನ್ನುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ರೂಪಾಯಿಗೆ ಹದಿನಾರು ಆಣೆ. 1957ರ ಏಪ್ರಿಲ್ 1ರಿಂದ ಸರ್ಕಾರ ಒಂದು ರೂಪಾಯಿಗೆ ನೂರು ನಯಾ ಪೈಸೆ ಎಂದು ಮಾಡಿತು. ಮರುವರ್ಷ, 1958ರ ಅಕ್ಟೋಬರ್‌ನಿಂದ ಸೇರು, ಮಣಗಳ ಜಾಗಕ್ಕೆ ಗ್ರಾಂ, ಕಿಲೋ ಬರತೊಡಗಿದವು. ಹತ್ತು, ನೂರು, ಸಾವಿರ ಎಂದು ಲೆಕ್ಕ ನೇರವಾಯಿತು. ಅದರ ಜೊತೆಗೆ ಈ ಚುಕ್ಕಿಯೂ ಅಂಗಡಿಗೆ, ಆಸ್ಪತ್ರೆಗೆ, ನಮ್ಮ ಮನೆಗೆ ಬಂತು. ಯುರೋಪಿನಲ್ಲಿ ಹತ್ತು ಭಾಗದ ಈ ಲೆಕ್ಕವನ್ನು ಜನರಿಗೆ ಪುಸ್ತಕ ಬರೆದು ಕಲಿಸಿದವರು ಸೈಮನ್ ಸ್ಟೆವಿನ್, 1585ರಲ್ಲಿ. ಅವರು ಆ ಚಿಕ್ಕ ಪುಸ್ತಕ ಬರೆದದ್ದು ಭೂಮಿ ಅಳೆಯುವವರು, ವ್ಯಾಪಾರ ಮಾಡುವವರು ಇಂಥವರಿಗಾಗಿ. ಹಾಗಾಗಿ ಈ ಲೆಕ್ಕ ಮೊದಲಿನಿಂದಲೂ ದುಡಿಯುವವರದೇ.

ಮೂರು ಹೆಜ್ಜೆಯ ದಾರಿ

ಹೆಜ್ಜೆ 1: ಮೊದಲು ಚುಕ್ಕಿಯ ಎಡಗಡೆ ನೋಡಿರಿ. ಅಲ್ಲಿ ಯಾವುದು ದೊಡ್ಡದೋ ಆ ಸಂಖ್ಯೆಯೇ ದೊಡ್ಡದು. 10.2 ಮತ್ತು 9.8 ಇದ್ದರೆ, ಹತ್ತು ಒಂಬತ್ತಕ್ಕಿಂತ ದೊಡ್ಡದು. ಚುಕ್ಕಿಯ ಮುಂದೆ ನೋಡುವ ಅಗತ್ಯವೇ ಇಲ್ಲ.

ಹೆಜ್ಜೆ 2: ಎಡಗಡೆ ಎರಡೂ ಸಮ ಇದ್ದರೆ ಚುಕ್ಕಿಯ ಮುಂದಿನ ಮೊದಲ ಅಂಕಿ ನೋಡಿರಿ. 7.65, 7.8 ಎರಡರಲ್ಲೂ ಎಡಗಡೆ ಏಳು. ಮುಂದೆ ಆರು, ಎಂಟು. ಎಂಟು ಇರುವುದು ದೊಡ್ಡದು.

ಹೆಜ್ಜೆ 3: ಅದೂ ಸಮ ಇದ್ದರೆ ಎರಡನೆಯ ಅಂಕಿಗೆ ಹೋಗಿರಿ. 12.45 ಮತ್ತು 12.4 ನೋಡಿರಿ. ಹನ್ನೆರಡು ಸಮ, ನಾಲ್ಕು ಸಮ. ಮುಂದೆ ಒಂದರಲ್ಲಿ ಐದು ಇದೆ, ಇನ್ನೊಂದರಲ್ಲಿ ಏನೂ ಇಲ್ಲ. ಏನೂ ಇಲ್ಲ ಅಂದರೆ ಸೊನ್ನೆ. ಆದ್ದರಿಂದ 12.45 ದೊಡ್ಡದು.

ಮಕ್ಕಳಿಗೆ ಇನ್ನೊಂದು ಸುಲಭದ ಉಪಾಯ ಹೇಳಿಕೊಡಿರಿ. ಎರಡೂ ಸಂಖ್ಯೆಗಳಲ್ಲಿ ಚುಕ್ಕಿಯ ಮುಂದೆ ಅಷ್ಟೇ ಮನೆ ಇರುವಂತೆ ಕೊನೆಯಲ್ಲಿ ಸೊನ್ನೆ ತುಂಬಿಸಬೇಕು. 7.8 ಅನ್ನು 7.80 ಎಂದು ಬರೆಯಿರಿ. ಈಗ 7.65, 7.80. ಅರವತ್ತೈದು, ಎಂಬತ್ತು. ಈಗ ಬೇಕಾದರೆ ಒಟ್ಟಿಗೆ ಓದಿದರೂ ತಪ್ಪಾಗುವುದಿಲ್ಲ. ಕಿಲೋ ಆದರೆ 7 ಕಿಲೋ 650 ಗ್ರಾಂ, 7 ಕಿಲೋ 800 ಗ್ರಾಂ. ರೂಪಾಯಿ ಆದರೆ 7 ರೂಪಾಯಿ 65 ಪೈಸೆ, 7 ರೂಪಾಯಿ 80 ಪೈಸೆ.

ಹಾಗಂತ "ಉದ್ದ ಇರುವ ಸಂಖ್ಯೆ ಯಾವಾಗಲೂ ಚಿಕ್ಕದು" ಎಂದು ತಿಳಿಯಬೇಡಿರಿ. ಒಂದು ತಪ್ಪು ತಿದ್ದಲು ಹೋಗಿ ಕೆಲವು ಮಕ್ಕಳು ಈ ಇನ್ನೊಂದು ತಪ್ಪಿಗೆ ಬೀಳುತ್ತಾರೆ. 0.65 ಉದ್ದ ಇದೆ, 0.6 ಗಿಡ್ಡ ಇದೆ. ಆದರೂ 0.65 ದೊಡ್ಡದು. ಉದ್ದವನ್ನೂ ನೋಡಬೇಡಿರಿ, ಗಿಡ್ಡವನ್ನೂ ನೋಡಬೇಡಿರಿ. ಎಡದಿಂದ ಒಂದೊಂದೇ ಮನೆ ನೋಡುತ್ತಾ ಹೋಗಿರಿ.

ಸೊನ್ನೆ ಎಲ್ಲಿ ಕೂತಿದೆ?

ಕೊನೆಯಲ್ಲಿ ಕೂತ ಸೊನ್ನೆ ಏನನ್ನೂ ಮಾಡುವುದಿಲ್ಲ. 0.5, 0.50, 0.500 ಎಲ್ಲವೂ ಅರ್ಧವೇ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 0.500 ಎಂದು ಕಂಡರೆ ಐನೂರು ಗ್ರಾಂ, ಅರ್ಧ ಕಿಲೋ.

ಆದರೆ ಚುಕ್ಕಿಯ ಪಕ್ಕದಲ್ಲೇ ಕೂತ ಸೊನ್ನೆ ಬಹಳ ಕೆಲಸ ಮಾಡುತ್ತದೆ. 4.8 ಬೇರೆ, 4.08 ಬೇರೆ.

ನೀವು ರಾಯಚೂರಿನ ಮಾರುಕಟ್ಟೆಗೆ ಹತ್ತಿ ತೆಗೆದುಕೊಂಡು ಹೋಗಿದ್ದೀರಿ ಎಂದುಕೊಳ್ಳಿರಿ. ತೂಕ ಆದದ್ದು 4.8 ಕ್ವಿಂಟಲ್, ಅಂದರೆ 480 ಕಿಲೋ. ಚೀಟಿಯಲ್ಲಿ 4.08 ಎಂದು ಬರೆದರೆ ಅದು 408 ಕಿಲೋ. 72 ಕಿಲೋ ಹತ್ತಿ ಒಂದು ಸೊನ್ನೆಯೊಳಗೆ ಮಾಯ! ಲೆಕ್ಕಕ್ಕಾಗಿ ಕ್ವಿಂಟಲ್‌ಗೆ 6,000 ರೂಪಾಯಿ ಎಂದಿಟ್ಟುಕೊಂಡರೆ, 4,320 ರೂಪಾಯಿ ಹೋಯಿತು. ಕೂಲಿ ಕೊಟ್ಟು, ಬೆನ್ನು ಬಗ್ಗಿಸಿ ಬಿಡಿಸಿದ ಹತ್ತಿ. ಬರೆದವರು ಬೇಕೆಂದೇ ಬರೆದರೋ ಕೈತಪ್ಪಿ ಬರೆದರೋ, ನಷ್ಟ ಮಾತ್ರ ನಮ್ಮದೇ. ಆದ್ದರಿಂದ ಚೀಟಿ ಕೈಗೆ ಬಂದ ಕೂಡಲೇ ಸೆರಗಿಗೆ ಕಟ್ಟಿಕೊಳ್ಳಬೇಡಿರಿ. ಅಲ್ಲೇ ನಿಂತು "ಕಿಲೋದಾಗ ಎಷ್ಟಾತ್ರಿ?" ಎಂದು ಕೇಳಿರಿ.

ಬಂಗಾರ ಒತ್ತೆ ಇಡುವಾಗಲೂ ಹೀಗೆಯೇ. ಬೋರಮಾಳ ಸರ 8.5 ಗ್ರಾಂ ಇದ್ದು ರಸೀದಿಯಲ್ಲಿ 8.05 ಎಂದಿದ್ದರೆ ಸುಮಾರು ಅರ್ಧ ಗ್ರಾಂ ಬಂಗಾರ ಕಡಿಮೆಯಾಯಿತು. ಡೇರಿಗೆ ಹಾಲು ಹಾಕುವವರು ಫ್ಯಾಟ್ 4.5 ಇದೆಯೋ 4.05 ಇದೆಯೋ ನೋಡಿಕೊಳ್ಳಿರಿ. ಹಾಲಿನ ದರ ಅದರ ಮೇಲೆಯೇ ನಿಂತಿದೆ.

ಬಾಯಿ ತೆರೆದ ಮೊಸಳೆ

ಈಗ ಗುರುತುಗಳಿಗೆ ಬರೋಣ. ಮಕ್ಕಳ ಪುಸ್ತಕದಲ್ಲಿ ಮೂರು ಗುರುತು ಇರುತ್ತವೆ.

> ಇದು "ದೊಡ್ಡದು"
< ಇದು "ಚಿಕ್ಕದು"
= ಇದು "ಸಮ"

ದೇವದುರ್ಗದ ಹೊಳೆದಂಡೆಯ ಮಕ್ಕಳಿಗೆ ಕೃಷ್ಣೆಯ ಮೊಸಳೆಯ ಮಾತು ಹೊಸದಲ್ಲ. ಮೊಸಳೆ ಯಾವಾಗಲೂ ದೊಡ್ಡ ಬೇಟೆಯ ಕಡೆಗೇ ಬಾಯಿ ತೆರೆಯುತ್ತದೆ ಎಂದು ಹೇಳಿಕೊಡಿರಿ. ತೆರೆದ ಬಾಯಿ ದೊಡ್ಡ ಸಂಖ್ಯೆಯ ಕಡೆಗೆ, ಚೂಪಾದ ತುದಿ ಚಿಕ್ಕ ಸಂಖ್ಯೆಯ ಕಡೆಗೆ.

7.8 > 7.65
7.65 < 7.8

ಎರಡೂ ಒಂದೇ ಮಾತನ್ನು ಹೇಳುತ್ತವೆ. ಸಂಖ್ಯೆಗಳು ಜಾಗ ಬದಲಿಸಿದವು, ಮೊಸಳೆಯೂ ಬಾಯಿ ತಿರುಗಿಸಿತು, ಅಷ್ಟೆ.

ಇಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಒಂದು ತೊಡಕು ಇದೆ. ಗುರುತು ಎರಡು ಸಂಖ್ಯೆಗಳ ನಡುವೆ ಕೂರುತ್ತದೆ. ಆದರೆ ನಮ್ಮ ಮಾತಿನಲ್ಲಿ "ದೊಡ್ಡದು" ಎಂಬುದು ಕೊನೆಗೆ ಬರುತ್ತದೆ: "7.8, 7.65ಕ್ಕಿಂತ ದೊಡ್ಡದು." ಮಗು ಎಡದಿಂದ ಓದುತ್ತಾ ಬಂದು "7.8ಕ್ಕಿಂತ" ಎಂದು ಶುರು ಮಾಡಿದರೆ ಅರ್ಥ ಉಲ್ಟಾ ಆಗುತ್ತದೆ. "ಕ್ಕಿಂತ" ಎಂಬುದು ಯಾವಾಗಲೂ ಎರಡನೆಯ ಸಂಖ್ಯೆಗೇ ಅಂಟಬೇಕು. ಎಡಗಡೆಯ ಸಂಖ್ಯೆಯ ಮೇಲೆ ಬೆರಳಿಟ್ಟು "ಇದು" ಎನ್ನಲಿ, ಬಲಗಡೆಯದರ ಮೇಲೆ ಬೆರಳಿಟ್ಟು "ಇದಕ್ಕಿಂತ" ಎನ್ನಲಿ, ಆಮೇಲೆ ಗುರುತು ನೋಡಿ "ದೊಡ್ಡದು" ಅಥವಾ "ಚಿಕ್ಕದು" ಎನ್ನಲಿ. ನಾಲ್ಕು ಸಲ ಹೀಗೆ ಮಾಡಿಸಿದರೆ ಸಾಕು, ರೂಢಿಯಾಗುತ್ತದೆ.

ಸಮ ಎನ್ನುವ ಜೋಡಿ ಗೆರೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬವರು ಪುಸ್ತಕದಲ್ಲಿ ಬಳಸಿದರು. ಅಕ್ಕಪಕ್ಕದ ಎರಡು ಸಮನಾದ ಗೆರೆಗಳಿಗಿಂತ ಹೆಚ್ಚು ಸಮನಾದದ್ದು ಬೇರೆ ಇಲ್ಲ ಎಂಬುದು ಅವರ ವಿಚಾರ. ದೊಡ್ಡದು, ಚಿಕ್ಕದು ಗುರುತುಗಳು ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ, ಅವರು ತೀರಿಕೊಂಡ ಮೇಲೆ 1631ರಲ್ಲಿ ಅಚ್ಚಾದವು. ಈಗ ಯಾವ ದೇಶದ ಶಾಲೆಗೆ ಹೋದರೂ ಈ ಗುರುತುಗಳಿಗೆ ಇದೇ ಅರ್ಥ.

ತಾಯಿ ಕಾರ್ಡಿನಲ್ಲಿ ಚುಕ್ಕಿ

ಆರೋಗ್ಯದ ಲೆಕ್ಕದಲ್ಲಿ ಕೆಲವು ಗಡಿಗಳು ಇವೆ. ಇವನ್ನು ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿರಿ.

ಹುಟ್ಟಿದ ಕೂಸಿನ ತೂಕ: 2.5 ಕಿಲೋಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು. 2.45 < 2.5. ಆದ್ದರಿಂದ 2.45 ಇದ್ದ ಕೂಸಿಗೂ ವಿಶೇಷ ಆರೈಕೆ ಬೇಕು. ಬೆಚ್ಚಗಿಡಬೇಕು, ಮೇಲಿಂದ ಮೇಲೆ ಎದೆಹಾಲು ಕೊಡಬೇಕು, ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ತೋಳಿನ ಸುತ್ತಳತೆ: ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬಣ್ಣದ ಪಟ್ಟಿಯಿಂದ ಎಡತೋಳನ್ನು ಅಳೆಯುತ್ತಾರೆ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. 11.5ರಿಂದ 12.5ರ ಒಳಗೆ ಇದ್ದರೆ ಹಳದಿ, ಮಧ್ಯಮ ಅಪೌಷ್ಟಿಕತೆ. 12.5 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ ಹಸಿರು. ಕೆಂಪು ಬಂದ ಮಗುವನ್ನು ತಡ ಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅಗತ್ಯ ಬಿದ್ದರೆ ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ.

ಗರ್ಭಿಣಿಯ ರಕ್ತ: ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ, ಅದು ಆಸ್ಪತ್ರೆಯ ಕೆಲಸ. 10.9 ಬಂದಾಗ "ಹನ್ನೊಂದರ ಹತ್ರಾನ ಐತಲ್ರಿ" ಎಂದು ಸುಮ್ಮನಿರಬೇಡಿರಿ. 10.9 < 11. ಕಬ್ಬಿಣದ ಮಾತ್ರೆಯನ್ನು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು.

"ಕ್ಕಿಂತ ಕಡಿಮೆ" ಎಂದರೆ ಗಡಿಯ ಸಂಖ್ಯೆ ಅದರಲ್ಲಿ ಸೇರುವುದಿಲ್ಲ ಎಂಬುದನ್ನೂ ಗಮನಿಸಿರಿ. ಸರಿಯಾಗಿ 11.5 ಇದ್ದ ಮಗು ಕೆಂಪಿನಲ್ಲಿ ಬರುವುದಿಲ್ಲ, ಹಳದಿಯಲ್ಲಿ ಬರುತ್ತದೆ. 11.4 ಬಂದರೆ ಕೆಂಪು.

ಎಲ್ಲಕ್ಕಿಂತ ಮುಖ್ಯ, ಒಂದು ತಿಂಗಳ ತೂಕವನ್ನು ಹಿಂದಿನ ತಿಂಗಳ ಜೊತೆ ಹೋಲಿಸಿ ನೋಡುವುದು. ಬೆಳೆಯುವ ಕೂಸಿನ ತೂಕ ಇಳಿಯಬಾರದು. ಇಳಿದಿದ್ದರೆ ಮೊದಲು ಮತ್ತೊಮ್ಮೆ ತೂಗಿಸಿರಿ. ಆಗಲೂ ಕಡಿಮೆ ಬಂದರೆ ಭೇದಿ, ಜ್ವರ, ಊಟ ಬಿಟ್ಟದ್ದು ಏನಾದರೂ ಇದೆಯೇ ಎಂದು ವಿಚಾರಿಸಿ, ಆರೋಗ್ಯ ಕೇಂದ್ರಕ್ಕೆ ತೋರಿಸಿರಿ.

ಹೋಲಿಸುವ ಮೊದಲು ಅಳತೆ ಒಂದೇ ಇದೆಯೇ?

ಮೊಸಳೆಯ ಬಾಯಿ ತೆರೆಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಎರಡೂ ಒಂದೇ ಅಳತೆಯಲ್ಲಿ ಇವೆಯೇ? ಇಲ್ಲದಿದ್ದರೆ ಗುರುತು ಹಾಕಲೇಬಾರದು.

ಬಡ್ಡಿ: ನಿಮ್ಮ ಊರಿನ ಸಾಲಗಾರ "ಬರೇ ಒಂದೂವರೆ ರೂಪಾಯಿ ಬಡ್ಡಿ" ಎನ್ನುತ್ತಾನೆ. ಬ್ಯಾಂಕಿನವರು "ಶೇಕಡಾ 12" ಎನ್ನುತ್ತಾರೆ. 1.5 < 12 ಎಂದು ಸಾಲಗಾರನ ಹತ್ತಿರ ಹೋಗುತ್ತೀರಾ? ನಿಲ್ಲಿರಿ. ಅವನು ಹೇಳಿದ್ದು ನೂರಕ್ಕೆ ತಿಂಗಳಿನ ಲೆಕ್ಕ, ಬ್ಯಾಂಕಿನದು ವರ್ಷದ ಲೆಕ್ಕ. 1.5 ಅನ್ನು ಹನ್ನೆರಡು ತಿಂಗಳಿಗೆ ಗುಣಿಸಿದರೆ 18. ಈಗ ಹೋಲಿಸಿರಿ: 18 > 12. ಅಗ್ಗ ಎನಿಸಿದ್ದೇ ತುಟ್ಟಿ.

ಸಂಘದೊಳಗಿನ ಲೆಕ್ಕವನ್ನೂ ನೋಡೋಣ. ತಿಂಗಳಿಗೆ 1.25 ಬಡ್ಡಿ ಕಡಿಮೆಯೋ, 1.5 ಕಡಿಮೆಯೋ? "ಇಪ್ಪತ್ತೈದು ದೊಡ್ಡದು" ಎನ್ನಬೇಡಿರಿ. 1.25 < 1.5. ಹತ್ತು ಸಾವಿರ ಅಸಲು ವರ್ಷವಿಡೀ ಹಾಗೆಯೇ ಇದ್ದರೆ 1.25ರಂತೆ 1,500 ರೂಪಾಯಿ, 1.5ರಂತೆ 1,800 ರೂಪಾಯಿ ಬಡ್ಡಿ. ವ್ಯತ್ಯಾಸ 300 ರೂಪಾಯಿ.

ಭತ್ತ: ಮಾನ್ವಿ ಕಡೆ ಭತ್ತಕ್ಕೆ 75 ಕಿಲೋ ಚೀಲದ ಲೆಕ್ಕ ನಡೆಯುತ್ತದೆ. 75 ಕಿಲೋ ಅಂದರೆ 0.75 ಕ್ವಿಂಟಲ್. ಒಬ್ಬರು ಚೀಲಕ್ಕೆ 1,650 ಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಕ್ವಿಂಟಲ್‌ಗೆ 2,100 ಎನ್ನುತ್ತಾರೆ ಎಂದುಕೊಳ್ಳಿರಿ. ನಾಲ್ಕು ಚೀಲ ಸೇರಿದರೆ ಮೂರು ಕ್ವಿಂಟಲ್. ನಾಲ್ಕು ಚೀಲಕ್ಕೆ 6,600, ಮೂರು ಕ್ವಿಂಟಲ್‌ಗೆ 6,300. 6,600 > 6,300. ಇಲ್ಲಿ ಚಿಕ್ಕದಾಗಿ ಕಂಡ 1,650 ದರವೇ ನಿಮಗೆ ಲಾಭ.

ಎಲ್ಲ ಚುಕ್ಕಿಯೂ ದಶಮಾಂಶ ಚುಕ್ಕಿ ಅಲ್ಲ

ಇದನ್ನು ಬಹಳ ಜಾಗ್ರತೆಯಿಂದ ಓದಿರಿ. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2.20 ಎಂದು ಇದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ನೂರಲ್ಲ. ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ. ಆದ್ದರಿಂದ ಪಹಣಿಯ 2.20 ಅಂದರೆ ಎರಡೂವರೆ ಎಕರೆ, ದಶಮಾಂಶದಲ್ಲಿ 2.5.

ಯಾರಾದರೂ ಅದೇ 2.20 ಅನ್ನು ಕ್ಯಾಲ್ಕುಲೇಟರ್‌ಗೆ ಹಾಗೆಯೇ ಹಾಕಿ ದರದಿಂದ ಗುಣಿಸಿದರೆ, ಅದು ಎರಡು ಎಕರೆ ಎಂಟು ಗುಂಟೆಯ ಲೆಕ್ಕ ಆಗುತ್ತದೆ. ಹನ್ನೆರಡು ಗುಂಟೆ ಜಮೀನು ಪುಕ್ಕಟೆ ಹೋಯಿತು! ಲಾವಣಿಗೆ ಕೊಡುವಾಗ, ಮಾರುವಾಗ, ಅಣ್ಣತಮ್ಮಂದಿರು ಪಾಲು ಮಾಡುವಾಗ ಎಕರೆ ಬೇರೆ, ಗುಂಟೆ ಬೇರೆ ಬರೆಸಿರಿ. ಗುಂಟೆಯನ್ನು ನಲವತ್ತರಿಂದ ಭಾಗಿಸಿದರೆ ಮಾತ್ರ ದಶಮಾಂಶ ಬರುತ್ತದೆ.

ಗಡಿಯಾರವೂ ಹಾಗೆಯೇ. 2.30 ಅಂದರೆ ಎರಡು ಗಂಟೆ ಮೂವತ್ತು ನಿಮಿಷ, ಎರಡೂವರೆ. ಹುಡುಗರು ನೋಡುವ ಕ್ರಿಕೆಟ್‌ನಲ್ಲಿ 4.5 ಓವರ್ ಆದ ಮೇಲೆ ಇನ್ನೊಂದು ಚೆಂಡು ಹಾಕಿದರೆ 5 ಓವರ್ ಆಗುತ್ತದೆ, ಯಾಕೆಂದರೆ ಓವರಿಗೆ ಆರೇ ಚೆಂಡು. ಮುಂದಿನ ಮನೆ ಹತ್ತಕ್ಕೆ ತುಂಬುತ್ತದೋ, ನಲವತ್ತಕ್ಕೋ, ಅರವತ್ತಕ್ಕೋ, ಆರಕ್ಕೋ ಎಂದು ಮೊದಲು ಕೇಳಬೇಕು.

ಸಭೆಯಲ್ಲಿ ಮಾಡಿರಿ

ಚಟುವಟಿಕೆ: ಹೊಲಿಗೆ ಟೇಪನ್ನು ನೆಲದ ಮೇಲೆ ನೂರು ಸೆಂ.ಮೀ.ವರೆಗೆ ಹಾಸಿರಿ. ಅದು ಒಂದು ಮೀಟರ್. ಒಬ್ಬರು 0.8 ಮೀಟರ್‌ಗೆ ಒಂದು ಹುಣಸೆಬೀಜ ಇಡಲಿ, ಅದು 80 ಸೆಂ.ಮೀ., ಒಂದು ಕುಬಸದ ಖಣದ ಅಳತೆ. ಇನ್ನೊಬ್ಬರು 0.65ಕ್ಕೆ ಇಡಲಿ, ಅದು 65 ಸೆಂ.ಮೀ. ಮತ್ತೊಬ್ಬರು 0.08ಕ್ಕೆ ಇಡಲಿ, ಅದು 8 ಸೆಂ.ಮೀ., ಒಂದು ಗೇಣೂ ಇಲ್ಲ. ಯಾವ ಬೀಜ ಮುಂದೆ ಇದೆಯೋ ಆ ಸಂಖ್ಯೆ ದೊಡ್ಡದು. ಓದು ಬಾರದ ತಾಯಂದಿರಿಗೂ ಇದು ಕಣ್ಣಿಗೆ ಕಾಣುತ್ತದೆ.

ಅಭ್ಯಾಸ: ನಡುವೆ > < = ಹಾಕಿರಿ. ಶಾಲೆಗೆ ಹೋಗುವ ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿರಿ.

1) 3.5 ___ 3.45
2) 4.08 ___ 4.8
3) 0.75 ___ 0.750
4) 9.8 ___ 10.2
5) 12.45 ___ 12.4
6) 0.6 ___ 0.06
7) 1.25 ___ 1.5
8) ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ: 2.5, 2.04, 2.45, 2.4
9) ಒಬ್ಬರ ಪಹಣಿಯಲ್ಲಿ 1.30 ಇದೆ. ಇನ್ನೊಬ್ಬರು "ನಂದು ಒಂದೂವರೆ ಎಕರೆ" ಎನ್ನುತ್ತಾರೆ. ಯಾರ ಜಮೀನು ಹೆಚ್ಚು?

ಉತ್ತರ: 1) >  2) <  3) =  4) <  5) >  6) >  7) <  8) 2.04 < 2.4 < 2.45 < 2.5  9) ಪಹಣಿಯ 1.30 ಅಂದರೆ ಒಂದು ಎಕರೆ ಮೂವತ್ತು ಗುಂಟೆ, ಒಂದು ಮುಕ್ಕಾಲು ಎಕರೆ. ಆದ್ದರಿಂದ ಮೊದಲನೆಯವರದು ಹತ್ತು ಗುಂಟೆ ಹೆಚ್ಚು.

ತಪ್ಪಾದರೆ ಮಕ್ಕಳನ್ನು ಬೈಯಬೇಡಿರಿ. "ಯಾಕ ಹಾಂಗ ಬರದಿ?" ಎಂದು ಕೇಳಿರಿ. ಅವರು ಹೇಳುವ ಕಾರಣದಲ್ಲೇ ತಪ್ಪಿನ ಬೇರು ಸಿಗುತ್ತದೆ. ನಮಗೂ ಅದೇ ಬೇರು ಇದ್ದರೆ ಇಬ್ಬರೂ ಸೇರಿ ಕೀಳಬಹುದು.

ಮುಂದಿನ ಸಭೆಗೆ: ಪ್ರತಿಯೊಬ್ಬರೂ ಚುಕ್ಕಿ ಇರುವ ಒಂದು ಕಾಗದ ತನ್ನಿರಿ. ತಾಯಿ ಕಾರ್ಡ್, ತೂಕದ ಚೀಟಿ, ಡೇರಿ ಚೀಟಿ, ಒತ್ತೆ ರಸೀದಿ, ಪಹಣಿ ಯಾವುದಾದರೂ ಆಗಲಿ. ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಎಲ್ಲರ ಮುಂದೆ ಓದಿರಿ. ಸಂಶಯ ಬಂದ ಕಾಗದವನ್ನು ಬೇರೆ ಇಟ್ಟು, ಇಬ್ಬರು ಸದಸ್ಯೆಯರು ಸೇರಿ ಸಂಬಂಧಪಟ್ಟವರ ಹತ್ತಿರ ಹೋಗಿ ಕೇಳಿ ಬನ್ನಿರಿ.

ಆ ಕೂಸಿನ ಸಂಗತಿ ಹೇಳಿ ಮುಗಿಸುತ್ತೇನೆ. ಅಂದು ಸಭೆಯಲ್ಲಿ ರೊಟ್ಟಿ ಮುರಿದು ಲೆಕ್ಕ ತೋರಿಸಿದಾಗ ತಾಯಿಯ ಮುಖ ಬಾಡಿತು. "ಹದಿನೈದು ದಿನ ಭೇದಿ ಹತ್ತಿತ್ರಿ, ಹಲ್ಲು ಬರಾಕ ಹತ್ಯಾವ ಅಂತ ಸುಮ್ಮನಿದ್ದೆ" ಎಂದರು. ಮರುದಿನವೇ ಅತ್ತೆ ಸೊಸೆ ಇಬ್ಬರೂ ಕೂಸನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಮುಂದಿನ ತಿಂಗಳು ನಾನು ಹೋದಾಗ ಆ ತಾಯಿ ಕಾರ್ಡನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಬೆರಳಿಟ್ಟು ಓದಿದರು: "ಏಳು ಪಾಯಿಂಟ್ ಒಂಬತ್ತು ಐದು." ಪಕ್ಕದಲ್ಲಿ ನಿಂತಿದ್ದ ಮಗಳು ಸೀಮೆಸುಣ್ಣದಿಂದ ಕಟ್ಟೆಯ ಮೇಲೆ ಬರೆದಳು:

7.65 < 7.8 < 7.95